ಮೊದಲನೇದು ಸಿಜರ್ ಆಗ್ಯದ, ಎರಡನೇದು ಹ್ಯಾಂಗ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಹೆರಿಗೆ ವಾರ್ಡಿನ ಬಾಗಿಲಲ್ಲಿ, ಆಶಾ ಅಕ್ಕನ ಮುಂದೆ, ಕುಬಸಕ್ಕೆ ಬಂದವರ ನಡುವೆ ಕೇಳಿಬರುವ ಪ್ರಶ್ನೆಗಳಿವು. ಕೇಳುವವರ ಮಾತಿನಲ್ಲೇ ಇಟ್ಟಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31.5 ಸಿಜೇರಿಯನ್. ಹಾಗಾಗಿ ಎರಡನೇ ಬಸಿರಿನ ಹೊತ್ತಿಗೆ ಈ ಪ್ರಶ್ನೆ ಸುಮಾರು ಮೂರು ಮನೆಗೊಂದರಂತೆ ಏಳುತ್ತದೆ. ಉತ್ತರಗಳೆಲ್ಲ ಒಂದೇ ಸಲ ಸಿಜೇರಿಯನ್ ಆಗಿ, ಈಗ ಹೊಟ್ಟೆಯಲ್ಲಿ ಒಂದೇ ಕೂಸು, ಅದೂ ತಲೆ ಕೆಳಗಾಗಿ ಇರುವವರಿಗೆ.

ಒಮ್ಮೆ ಸಿಜರ್ ಆದ್ರ ಮುಂದೂ ಸಿಜರೇ ಅಂತಾರ. ಖರೆ ಏನ್ರಿ?

ಈಗ ಖರೆ ಅಲ್ಲ. ಆ ಮಾತು ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರಾಗಿನ್ ಅವರಿಂದ. ಆ ಕಾಲದಲ್ಲಿ ಗರ್ಭಕೋಶವನ್ನು ಮೇಲಿಂದ ಕೆಳಗೆ ಉದ್ದಕ್ಕೆ ಕೊಯ್ಯುತ್ತಿದ್ದರು. ಬೇನೆ ಬಂದಾಗ ಗಟ್ಟಿಯಾಗಿ ಹಿಂಡುವ ಭಾಗವೇ ಅದು, ಹೊಲಿಗೆ ಬಿಡುವ ಭಯ ದೊಡ್ಡದಿತ್ತು. ಕ್ರಾಗಿನ್ ಹೇಳಹೊರಟಿದ್ದೂ ಮೊದಲ ಸಿಜೇರಿಯನ್ನಿಗೇ ಅವಸರ ಮಾಡಬೇಡಿ ಎಂದು. ಜನ ನೆನಪಿಟ್ಟುಕೊಂಡಿದ್ದು ಅರ್ಧ ಮಾತು. ಈಗ ಗರ್ಭಕೋಶದ ಕೆಳಭಾಗದಲ್ಲಿ, ತೆಳುವಾದ ಜಾಗದಲ್ಲಿ, ಅಡ್ಡ ಕೊಯ್ಯುತ್ತಾರೆ. ಅಂಥ ಗಾಯ ಇರುವ ನೂರು ತಾಯಂದಿರು ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಸುಮಾರು 72ರಿಂದ 75 ಜನರಿಗೆ ಆಗುತ್ತದೆ. ಸಿಜೇರಿಯನ್ನಿನ ಮೊದಲೋ ಆಮೇಲೋ ಒಂದು ಸಹಜ ಹೆರಿಗೆ ಆಗಿದ್ದವರಲ್ಲಿ ಅದು 85–90ಕ್ಕೆ ಏರುತ್ತದೆ.

ನಂಗ ಆಗ್ತದೋ ಇಲ್ಲೋ ಹ್ಯಾಂಗ ಗೊತ್ತಾಗೋದು?

ಮೂರು ಪ್ರಶ್ನೆಗೆ ಉತ್ತರ ಹುಡುಕಿ. ಗರ್ಭಕೋಶದ ಮೇಲೆ ಕೊಯ್ತ ಯಾವ ಥರದ್ದು? ಮೊದಲ ಸಿಜೇರಿಯನ್ ಯಾಕೆ ಆಯಿತು? ಬೇನೆ ಶುರುವಾದಾಗ ನೀವು ಎಲ್ಲಿರುತ್ತೀರಿ? ಮೊದಲೆರಡನ್ನು ಡಾಕ್ಟರು ಕೇಳುತ್ತಾರೆ. ಮೂರನೆಯದನ್ನು ಬಹಳ ಸಲ ಯಾರೂ ಕೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಕೊನೆಗೆ ತೀರ್ಮಾನ ಮಾಡುವುದು ಆ ಮೂರನೆಯದೇ. ಉಳಿದ ಉತ್ತರಗಳೆಲ್ಲ ಈ ಮೂರರ ಸುತ್ತಲೇ ಇವೆ.

ಹೊಟ್ಟಿ ಮ್ಯಾಲಿನ ಹೊಲಿಗಿ ಅಡ್ಡ ಅದ. ಅಂದ್ರ ಒಳಗೂ ಅಡ್ಡೇ ಅಲ್ಲೇನು?

ಸಾಮಾನ್ಯವಾಗಿ ಹೌದು, ಆದರೆ ಖಾತ್ರಿ ಇಲ್ಲ. ಚರ್ಮದ ಮೇಲೆ ಅಡ್ಡ ಗೆರೆ ಇದ್ದು ಒಳಗೆ ಉದ್ದಕ್ಕೆ ಕೊಯ್ದಿರಬಹುದು. ತಿಂಗಳು ತುಂಬುವ ಬಹಳ ಮೊದಲೇ ಆದ ಹೆರಿಗೆ, ಕೂಸು ಅಡ್ಡ ಮಲಗಿದ್ದದ್ದು, ಮಾಸು ಮುಂಭಾಗದಲ್ಲಿ ಕೆಳಗೆ ಕೂತಿದ್ದದ್ದು, ಇಂಥ ಕಡೆ ಹಾಗಾಗುತ್ತದೆ. ಚರ್ಮದ ಮೇಲೆ ಉದ್ದ ಗೆರೆ ಇದ್ದು ಒಳಗೆ ಅಡ್ಡ ಇರುವುದೂ ಉಂಟು. ಕನ್ನಡಿ ಮುಂದೆ ನಿಂತು ನೋಡಿ ಹೇಳುವ ವಿಷಯವಲ್ಲ ಇದು. ಡಿಸ್ಚಾರ್ಜ್ ಕಾರ್ಡು ಬೇಕು, ಇನ್ನೂ ಚಲೋದೆಂದರೆ ಆಪರೇಷನ್ ನೋಟ್ಸು.

ಕಾರ್ಡಿನಾಗ ಬರೆದದ್ದು ತಿಳಿಯಂಗಿಲ್ಲ. ಏನ್ ನೋಡಬೇಕು?

ಬಹುತೇಕ ಕಾರ್ಡುಗಳಲ್ಲಿ ಆಪರೇಷನ್ ಹೆಸರಿನ ಮುಂದೆ ‘ಎಲ್‌ಎಸ್‌ಸಿಎಸ್’ ಎಂದಿರುತ್ತದೆ. ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದಿದ್ದಾರೆ ಎಂದರ್ಥ, ನಿಮಗೆ ಬೇಕಾದ ಮಾತು ಅದೇ. ಅದರ ಬದಲು ‘ಕ್ಲಾಸಿಕಲ್’ ಎಂದಿದ್ದರೆ, ಅಥವಾ ‘ಇನ್ವರ್ಟೆಡ್ ಟಿ’, ‘ಜೆ ಎಕ್ಸ್‌ಟೆನ್ಷನ್’ ಎಂಬ ಪದಗಳು ಕಂಡರೆ ಗುರುತು ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ‘ಕ್ಲಾಸಿಕಲ್’ ಎಂದರೆ ಉದ್ದ ಕೊಯ್ತ. ಉಳಿದೆರಡು, ಅಡ್ಡ ಕೊಯ್ತ ಸಾಲದೆ ಮೇಲಕ್ಕೆ ಹಿಗ್ಗಿಸಿದ್ದಾರೆ ಎಂಬ ಸೂಚನೆ.

ಆಮೇಲೆ ‘ಇಂಡಿಕೇಷನ್’ ಎಂಬ ಸಾಲು, ಅಂದರೆ ಕಾರಣ. ‘ಬ್ರೀಚ್’ ಎಂದರೆ ಕೂಸು ಕುಂಡೆ ಕೆಳಗಾಗಿ ಕೂತಿತ್ತು. ‘ಫೀಟಲ್ ಡಿಸ್ಟ್ರೆಸ್’ ಎಂದರೆ ಎದೆಬಡಿತ ಇಳಿದಿತ್ತು. ‘ಎಂಎಸ್‌ಎಎಫ್’ ಎಂದರೆ ಕೂಸು ಒಳಗೇ ಮಲ ಮಾಡಿ ನೀರು ಹಸಿರಾಗಿತ್ತು. ‘ಒಲಿಗೊ’ ಎಂದರೆ ನೀರು ಕಡಿಮೆ. ‘ಎನ್‌ಪಿಒಎಲ್’ ಎಂದರೆ ಬೇನೆ ಇದ್ದರೂ ಗರ್ಭಕೋಶದ ಬಾಯಿ ಬಿಡದೆ ನಿಂತಿತ್ತು. ‘ಸಿಪಿಡಿ’ ಎಂದರೆ ಕೂಸಿನ ತಲೆಗೂ ತಾಯಿಯ ಸೊಂಟದ ಎಲುಬಿನ ದಾರಿಗೂ ಹೊಂದಲಿಲ್ಲ.

ಇನ್ನೊಂದು ಅಂಕಿಯನ್ನು ಹುಡುಕಿ: ಆಪರೇಷನ್ನಿಗೆ ಒಯ್ಯುವಾಗ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿತ್ತು? 2 ಸೆಂಟಿಮೀಟರಿನಲ್ಲೇ ‘ಬಾಯಿ ಬಿಡುತ್ತಿಲ್ಲ’ ಎಂದು ಒಯ್ದಿದ್ದರೆ ಆಗ ಬೇನೆಯ ಜೋರು ಹಂತವೇ ಶುರುವಾಗಿರಲಿಲ್ಲ. ಆ ಕಾರಣವನ್ನು ಈ ಸಲಕ್ಕೆ ಅಷ್ಟೊಂದು ಎಣಿಸಬೇಕಿಲ್ಲ. ಪೂರ್ತಿ 10 ತೆರೆದು, ಎರಡು ತಾಸು ಮುಕ್ಕಿ, ತಲೆ ಇಳಿಯದೆ ಒಯ್ದಿದ್ದರೆ ಅದು ಬೇರೆಯೇ ಕಥೆ. ಎರಡೂ ಕಾರ್ಡಿನಲ್ಲಿ ಒಂದೇ ಪದ ಇರಬಹುದು. ಆಮೇಲೆ ಜ್ವರ ಬಂದಿತ್ತೇ, ಗಾಯ ಕೀವಾಗಿತ್ತೇ, ರಕ್ತ ಕೊಟ್ಟಿದ್ದರೇ ಎಂಬುದನ್ನೂ ನೋಡಿ.

ಮೊದಲ ಹೆರಿಗಿ ಪುಣೆದಾಗ ಆಗಿತ್ರಿ, ದುಡಿಲಿಕ್ಕೆ ಹೋದಾಗ. ಕಾಗದ ಎಲ್ಲಿ ಹೋಯ್ತೋ ಏನೋ.

ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದ ಕುಟುಂಬಗಳಲ್ಲಿ ಇದು ದಿನದ ಮಾತು. ಆಳಂದ, ಅಫಜಲಪುರದವರದು ಸೊಲ್ಲಾಪುರದಲ್ಲಿ, ಬೀದರಿನವರದು ಹೈದರಾಬಾದಿನಲ್ಲಿ ಆಗಿರುತ್ತದೆ. ಕಾಗದ ತವರಿನಲ್ಲೋ ಗಂಡನ ಮನೆಯಲ್ಲೋ ಎಂಬ ಹುಡುಕಾಟ ಏಳನೇ ತಿಂಗಳಲ್ಲಿ ಶುರುವಾಗುತ್ತದೆ. ಮೂರನೇ ತಿಂಗಳಲ್ಲೇ ಶುರುಮಾಡಿ.

ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ತಾಸಿನೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ದಾಖಲಾದ ದಿನಾಂಕ, ಆಗ ಬರೆಸಿದ ಹೆಸರು, ಗೊತ್ತಿದ್ದರೆ ಐಪಿ ನಂಬರು ಬರೆದು ಅರ್ಜಿ ಕೊಡಿ. ಅಲ್ಲೇ ಇರುವ ನೆಂಟರ ಕೈಯಲ್ಲಿ ಸಹಿ ಮಾಡಿದ ಪತ್ರ ಮತ್ತು ಗುರುತಿನ ಚೀಟಿ ಕಳಿಸಬಹುದು. ಹೆಸರಿನ ಕಾಗುಣಿತ ನೋಡಿಕೊಳ್ಳಿ. ಮರಾಠಿಯವರು ಬರೆದುಕೊಂಡ ನಿಮ್ಮ ಹೆಸರು ಬೇರೆಯೇ ಆಗಿರುವುದುಂಟು.

ಕಾಗದ ಸಿಗಲೇ ಇಲ್ಲ ಎಂದರೂ ಬಾಗಿಲು ಮುಚ್ಚಿತು ಎಂದಲ್ಲ. ತಿಂಗಳು ತುಂಬಿ, ತಲೆ ಕೆಳಗಿದ್ದು, ಸಾಮಾನ್ಯ ಕಾರಣಕ್ಕೆ ಆದ ಸಿಜೇರಿಯನ್ನಿನಲ್ಲಿ ಒಳಗಿನ ಕೊಯ್ತ ಅಡ್ಡವೇ ಇರುವ ಸಾಧ್ಯತೆ ಹೆಚ್ಚು. ಏಳನೇ ತಿಂಗಳಲ್ಲೇ ಆಗಿದ್ದರೆ ಹಾಗೆ ಊಹಿಸಿ ಮುಂದುವರಿಯಬಾರದು.

ಯಾವ ಕಾರಣಕ್ಕ ಆಗಿದ್ರ ಈ ಸಲ ನಾರ್ಮಲ್ ಆಗೋದು ಜಾಸ್ತಿ?

ಮರುಕಳಿಸದ ಕಾರಣಗಳು ನಿಮ್ಮ ಪರವಾಗಿರುತ್ತವೆ: ಕೂಸು ಉಲ್ಟಾ ಇದ್ದದ್ದು, ಎದೆಬಡಿತ ಇಳಿದದ್ದು, ಮಾಸು ಅಡ್ಡ ಬಂದದ್ದು. ಬೇನೆ ಮುಂದುವರಿಯದೆ ನಿಂತದ್ದು ಕಾರಣವಾದರೆ ಅವಕಾಶ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ತಾಯಿಯ ತೂಕ ಬಹಳ ಹೆಚ್ಚಿದ್ದರೆ, ಕೂಸು 4 ಕಿಲೋ ದಾಟುವ ಅಂದಾಜಿದ್ದರೆ, ಬೇನೆ ತಾನಾಗಿ ಬಾರದೆ ತರಿಸಬೇಕಾಗಿ ಬಂದರೆ ಅವಕಾಶ ಇಳಿಯುತ್ತದೆ.

‘ಕೂಸಿನ ಕೊರಳಿಗೆ ಹುರಿ ಸುತ್ತ್ಯದ’ ಎಂದು ಸ್ಕ್ಯಾನಿಂಗಿನವರು ಹೇಳಿದ್ದನ್ನೇ ಕಾರಣ ಮಾಡಿಕೊಂಡು ಬರುವವರು ಬಹಳ. ನಾಲ್ಕೈದು ಹೆರಿಗೆಗೆ ಒಂದರಲ್ಲಿ ಹುರಿ ಕೊರಳಿಗೆ ಸುತ್ತಿರುತ್ತದೆ, ಹೆರಿಗೆ ಮಾಡಿಸುವವರು ತಲೆ ಹೊರಬಂದ ಮೇಲೆ ಅದನ್ನು ಸಡಿಲಿಸಿ ಜಾರಿಸುತ್ತಾರೆ. ಅದೊಂದೇ ಸಿಜೇರಿಯನ್ನಿಗೆ ಕಾರಣವಲ್ಲ.

ಬ್ಯಾನಿ ಬಂದ್ರ ಒಳಗಿನ ಹೊಲಿಗಿ ಬಿಚ್ಚತದಂತ. ಎಷ್ಟ್ ಮಂದಿಗೆ?

ಎಲ್ಲರ ಹೆದರಿಕೆ ಇದು, ಹೆದರಬೇಕಾದದ್ದೂ ಇದಕ್ಕೇ. ಒಂದು ಅಡ್ಡ ಗಾಯ ಇರುವವರು ಸಹಜ ಹೆರಿಗೆಗೆ ಪ್ರಯತ್ನಿಸಿದಾಗ ಸುಮಾರು 200ರಲ್ಲಿ ಒಬ್ಬರಿಗೆ ಗರ್ಭಕೋಶ ಬಿರಿಯುತ್ತದೆ. ಬೇನೆ ಹೇಗೆ ಬಂತು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ತಾನಾಗಿ ಬಂದರೆ 1000ಕ್ಕೆ 4, ತಾನಾಗಿ ಬಂದದ್ದನ್ನು ಡ್ರಿಪ್ ಹಾಕಿ ಜೋರು ಮಾಡಿದರೆ 9, ಔಷಧಿಯಿಂದಲೇ ತರಿಸಿದರೆ 10ರಷ್ಟು. ಉದ್ದ ಕೊಯ್ತದ ಗಾಯವಿದ್ದರೆ ನೂರಕ್ಕೆ 2ರಿಂದ 9. ಅದಕ್ಕೇ ಅಂಥವರಿಗೆ ಬೇನೆ ಬರುವ ಮೊದಲೇ ಸಿಜೇರಿಯನ್ ಮಾಡುತ್ತಾರೆ.

ಬಿರಿದಾಗ ಮೊದಲು ತಿಳಿಸುವುದು ಸಾಮಾನ್ಯವಾಗಿ ಕೂಸಿನ ಎದೆಬಡಿತ. ಮೂರು ಪ್ರಕರಣಕ್ಕೆ ಎರಡರಲ್ಲಿ ಮಾನಿಟರಿನ ಗೆರೆ ಕೆಡುತ್ತದೆ. ಬೇನೆ ಬಂದು ಹೋಗುವ ನಡುವೆಯೂ ಹೊಲಿಗೆಯ ಜಾಗದಲ್ಲಿ ಬಿಡದ ನೋವು, ಕೆಳಗೆ ರಕ್ತ, ಮೂತ್ರದಲ್ಲಿ ರಕ್ತ, ಜೋರಾಗಿದ್ದ ಬೇನೆ ಒಮ್ಮೆಲೇ ನಿಂತುಬಿಡುವುದು, ಇಳಿದಿದ್ದ ತಲೆ ಮತ್ತೆ ಮೇಲೇರುವುದು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲಿಡುವುದು ಉಳಿದ ಲಕ್ಷಣಗಳು. ಬೇನೆ ನಿಂತಾಗ ಮನೆಯವರು ‘ಈಗ ಸ್ವಲ್ಪ ಆರಾಮ ಆಯ್ತು’ ಎಂದು ಉಸಿರು ಬಿಡುತ್ತಾರೆ. ಅದು ಆರಾಮದ ಹೊತ್ತಲ್ಲ, ಸಿಸ್ಟರನ್ನು ಕೂಗುವ ಹೊತ್ತು. ಆಗ ನಿಮಿಷಗಳ ಲೆಕ್ಕ. ಅರ್ಧ ತಾಸಿನೊಳಗೆ ಹೊಟ್ಟೆ ತೆರೆಯುವ ವ್ಯವಸ್ಥೆ ಅಲ್ಲೇ ಇರಬೇಕು ಎನ್ನುವುದು ಇದಕ್ಕೇ.

ಅಷ್ಟ್ಯಾಕ ತ್ರಾಸ? ತಾರೀಖು ನೋಡಿ ಸಿಜರ್ ಮಾಡಿಸಿದ್ರ ಸೇಫ್ ಅಲ್ಲೇನು?

ಹೊಲಿಗೆ ಬಿಡುವ ಭಯ ಬಹುಪಾಲು ತಪ್ಪುತ್ತದೆ, ದಿನ ಗೊತ್ತಿರುತ್ತದೆ, ರಾತ್ರಿ ಗಾಡಿ ಹುಡುಕುವ ಗಡಿಬಿಡಿ ಇಲ್ಲ. ಇವು ಸಣ್ಣ ಲಾಭಗಳಲ್ಲ. ಆದರೆ ‘ನಾರ್ಮಲ್’ ಮತ್ತು ‘ಸಿಜರ್’ ಎಂದು ಎರಡೇ ತಟ್ಟೆಯ ತಕ್ಕಡಿ ಹಿಡಿಯಬೇಡಿ. ತಟ್ಟೆ ಮೂರು. ಎಲ್ಲಕ್ಕಿಂತ ಕಡಿಮೆ ತೊಂದರೆ ಪ್ರಯತ್ನಿಸಿ ಸಹಜವಾಗಿ ಆದವರಿಗೆ. ನಡುವೆ ನಿಗದಿ ಮಾಡಿದ ಸಿಜೇರಿಯನ್. ಪ್ರಯತ್ನಿಸಿ ಆಗದೆ ನಡುವೆ ತುರ್ತಾಗಿ ಸಿಜೇರಿಯನ್ ಆದವರಿಗೆ ಸೋಂಕು, ರಕ್ತಸ್ರಾವ ಎಲ್ಲಕ್ಕಿಂತ ಹೆಚ್ಚು. ಹಾಗಾಗಿ ಸಹಜ ಹೆರಿಗೆಯ ಅವಕಾಶ ಚೆನ್ನಾಗಿರುವವರಿಗೆ ಪ್ರಯತ್ನ ಲಾಭ, ತೀರಾ ಕಡಿಮೆ ಇರುವವರಿಗೆ ನಿಗದಿ ಸಿಜೇರಿಯನ್ನೇ ಲೇಸು.

ಕೂಸಿನ ಲೆಕ್ಕ ಹೀಗಿದೆ: ಸಹಜ ಹೆರಿಗೆಗೆ ಪ್ರಯತ್ನಿಸಿದಾಗ ಹೆರಿಗೆಯ ಕಾರಣದಿಂದ ಕೂಸು ತೀರಿಕೊಳ್ಳುವ ಅಪಾಯ 10,000ಕ್ಕೆ 4ರಷ್ಟು, ಚೊಚ್ಚಲ ಹೆರಿಗೆಗಿರುವಷ್ಟೇ. ನಿಗದಿ ಸಿಜೇರಿಯನ್ನಿನಲ್ಲಿ ಅದು ಇನ್ನೂ ಕಡಿಮೆ, ಆದರೆ ಹುಟ್ಟಿದೊಡನೆ ಕೆಲ ತಾಸು ಉಸಿರಾಟದ ತೊಂದರೆ ಆಗುವುದು ಹೆಚ್ಚು: 39 ವಾರಕ್ಕೆ ಮಾಡಿದರೆ ನೂರಕ್ಕೆ 4–5, ಸಹಜವಾದರೆ 2–3.

ಇನ್ನೂ ಮಕ್ಕಳು ಬೇಕೆನ್ನುವ ಮನೆಯಲ್ಲಿ ತಕ್ಕಡಿ ಬಹಳ ವಾಲುತ್ತದೆ. ಪ್ರತಿ ಸಿಜೇರಿಯನ್ ಮುಂದಿನ ಬಸಿರಿನ ಮಾಸಿಗೆ ಕಂಟಕ. ಮಾಸು ಕೆಳಗೆ ಕೂತು ಹಳೆ ಗಾಯದೊಳಗೆ ಬೇರು ಬಿಟ್ಟರೆ ಹೆರಿಗೆಯಾದ ಮೇಲೆ ಬಿಡಿಸಲು ಬರುವುದಿಲ್ಲ, ರಕ್ತ ಹೊಳೆಯಾಗುತ್ತದೆ, ಹಲವು ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಾಸು ಕೆಳಗೆ ಕೂತವರಲ್ಲಿ, ಹಿಂದೆ ಒಂದು ಸಿಜೇರಿಯನ್ ಆಗಿದ್ದರೆ ಹೀಗಾಗುವುದು ನೂರಕ್ಕೆ 11, ಎರಡಾಗಿದ್ದರೆ 40, ಮೂರಾಗಿದ್ದರೆ 61. ಎರಡೇ ಸಾಕೆನ್ನುವವರಿಗೆ ಈ ಮಾತು ಅಷ್ಟು ಭಾರವಲ್ಲ.

ನಮ್ಮದು ತಾಂಡಾ. ಯಾವ ದವಾಖಾನಿಗೆ ಹೋಗಬೇಕು?

ಸಹಜ ಹೆರಿಗೆಗೆ ಪ್ರಯತ್ನಿಸುವುದಾದರೆ ಆಪರೇಷನ್ ಥಿಯೇಟರು, ಅರಿವಳಿಕೆ ಡಾಕ್ಟರು, ರಕ್ತ ಮೂರೂ ರಾತ್ರಿ ಎರಡು ಗಂಟೆಗೂ ಸಿಗುವ ಕಡೆ ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇಡ, ಮನೆಯಲ್ಲಂತೂ ಬೇಡವೇ ಬೇಡ. ಸರಕಾರಿ ಕಡೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ತಾಲ್ಲೂಕು ಆಸ್ಪತ್ರೆಯಾದರೂ ಖಾಸಗಿಯಾದರೂ ಎಂಟನೇ ತಿಂಗಳೊಳಗೆ ಹೋಗಿ ನೇರವಾಗಿ ಕೇಳಿ: ಸಿಜೇರಿಯನ್ ಆದವರಿಗೆ ಇಲ್ಲಿ ನಾರ್ಮಲ್ ಮಾಡಿಸುತ್ತೀರಾ? ಅರಿವಳಿಕೆ ಡಾಕ್ಟರು ರಾತ್ರಿ ಇಲ್ಲೇ ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? ರಕ್ತ ಎಲ್ಲಿಂದ ತರಬೇಕು? ಬೇನೆ ಪೂರ್ತಿ ಮಾನಿಟರ್ ಹಾಕಿರುತ್ತೀರಾ? ‘ಅವಾಗಿನದು ಅವಾಗ ನೋಡಾಮು’ ಎಂಬ ಉತ್ತರ ಬಂದರೆ ಅದನ್ನು ‘ಇಲ್ಲ’ ಎಂದೇ ಓದಿಕೊಳ್ಳಿ.

ಮನೆಯಿಂದ ಅಂಥ ಆಸ್ಪತ್ರೆ ಒಂದು ತಾಸಿಗಿಂತ ದೂರವಿದ್ದರೆ 38ನೇ ವಾರದಿಂದ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಇರಿ. ಚಿಂಚೋಳಿ, ಔರಾದ, ಹುಣಸಗಿ ಕಡೆಯ ಹಳ್ಳಿಗಳವರಿಗೆ ಇದು ಸಲಹೆಯಲ್ಲ, ಷರತ್ತು. ಮಳೆಗಾಲದಲ್ಲಿ ಭೀಮಾ, ಕೃಷ್ಣೆ, ಮಾಂಜ್ರಾ ತುಂಬಿ ಸೇತುವೆ ಮುಳುಗಿದರೆ ಅರ್ಧ ತಾಸಿನ ದಾರಿ ಎರಡು ತಾಸಾಗುತ್ತದೆ. ಜುಲೈನಿಂದ ಅಕ್ಟೋಬರಿನೊಳಗೆ ದಿನ ಬೀಳುವವರು ಇದನ್ನು ಮೊದಲೇ ಎಣಿಸಬೇಕು. ಊರಲ್ಲಿ ಉಳಿಯುವ ಹಾಗೂ ಇಲ್ಲ, ಪೇಟೆಯಲ್ಲಿ ಜಾಗವೂ ಇಲ್ಲ ಎಂದರೆ ನಿಗದಿ ಸಿಜೇರಿಯನ್ ಆರಿಸಿಕೊಳ್ಳುವುದು ಸೋಲಲ್ಲ, ಲೆಕ್ಕಾಚಾರ.

ತಾಯಿ ಕಾರ್ಡಿನ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿದ್ದಾರೆಯೇ ನೋಡಿ. ಪ್ರತಿ ತಿಂಗಳ 9ನೇ ತಾರೀಖಿನ ಉಚಿತ ತಪಾಸಣೆಯಲ್ಲಿ ಹಳೆ ಸಿಜೇರಿಯನ್ ಇರುವವರನ್ನು ಹೆಚ್ಚು ಅಪಾಯದ ಬಸಿರು ಎಂದು ಹಾಗೆ ಗುರುತಿಸುತ್ತಾರೆ. ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. 108ರಲ್ಲಿ ಬಂದವರಿಗೆ ಮೊದಲು ಹೇಳಬೇಕಾದ ಮಾತು ‘ಹಿಂದ ಸಿಜರ್ ಆಗ್ಯದ’ ಎಂಬುದು. ಇಲ್ಲದಿದ್ದರೆ ಹತ್ತಿರದ ಯಾವುದಾದರೂ ಕೇಂದ್ರಕ್ಕೆ ಒಯ್ದು, ಅಲ್ಲಿಂದ ಮತ್ತೊಂದು ಗಾಡಿ ಹತ್ತಬೇಕಾಗುತ್ತದೆ.

ಮೊದಲನೇ ಕೂಸಿಗಿ ಒಂದು ವರ್ಷ. ಈಗ ಮತ್ತ ಬಸಿರು. ತೊಂದರಿ ಏನು?

ಎರಡು ಹೆರಿಗೆಗಳ ನಡುವೆ 18 ತಿಂಗಳಿಗಿಂತ ಕಡಿಮೆ ಇದ್ದರೆ ಗಾಯ ಬಿರಿಯುವ ಅಪಾಯ ಏರುತ್ತದೆ. ಹೆರಿಗೆಯಿಂದ ಹೆರಿಗೆಗೆ ಎಣಿಸಬೇಕು, ಹೆರಿಗೆಯಿಂದ ಬಸಿರಿಗಲ್ಲ. ನಿಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 20 ತಿಂಗಳಾಗುತ್ತದೆ, ಪ್ರಯತ್ನಕ್ಕೆ ಅಡ್ಡಿಯಿಲ್ಲ. ಮೊದಲ ಸ್ಕ್ಯಾನನ್ನು 6–8ನೇ ವಾರದಲ್ಲೇ ಮಾಡಿಸಿ, ಬಸಿರು ಹಳೆ ಗಾಯದಲ್ಲೇ ಕೂತಿಲ್ಲ ಎಂದು ನೋಡಲು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ ಎಂದು ಕೇಳಿ. ಕೆಳಗಿದ್ದರೆ 32ನೇ ವಾರಕ್ಕೆ ಮತ್ತೆ. ಮುಂಭಾಗದಲ್ಲಿ, ಗಾಯದ ಮೇಲೇ ಇದ್ದರೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಗೆ ಆಗಲೇ ಹೆಸರು ಹಚ್ಚಿಸಿ.

ಸ್ಕ್ಯಾನಿಂಗಿನಾಗ ಹೊಲಿಗಿ ತೆಳ್ಳಗಾಗ್ಯದ ಅಂದ್ರು.

ಎಷ್ಟು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಪ್ರಯತ್ನಿಸಬಾರದು ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದು ಅಂಕಿ ಇಲ್ಲ. ಅಳೆಯುವವರು ಬದಲಾದರೆ ಅಳತೆಯೂ ಬದಲಾಗುತ್ತದೆ. ಆ ಒಂದು ಸಾಲಿನಿಂದ ತೀರ್ಮಾನ ಬೇಡ, ಉಳಿದದ್ದರ ಜೊತೆ ಇಟ್ಟು ನೋಡುವುದು ಸರಿ.

ನಾರ್ಮಲ್ ಅಂತ ಒಪ್ಪಿಕೊಂಡ್ರ ದವಾಖಾನ್ಯಾಗ ಏನೇನ್ ಮಾಡ್ತಾರ?

ಬೇನೆ ನೆಲೆಗೊಂಡಿತು, ಅಂದರೆ ಐದು ನಿಮಿಷಕ್ಕೊಂದು ಬರತೊಡಗಿತು ಎನ್ನುವಾಗ ಅಥವಾ ನೀರು ಹೋದೊಡನೆ, ರಕ್ತ ಕಂಡೊಡನೆ ಆಸ್ಪತ್ರೆಗೆ ಬರಬೇಕು. ಕೈಗೆ ಸೂಜಿ ಹಾಕಿ ಇಡುತ್ತಾರೆ, ರಕ್ತದ ಗುಂಪು ನೋಡಿ ಹೊಂದಿಸಿಡುತ್ತಾರೆ, ಹೊಟ್ಟೆಗೆ ಪಟ್ಟಿ ಕಟ್ಟಿ ಕೂಸಿನ ಎದೆಬಡಿತವನ್ನು ಬಿಡದೆ ನೋಡುತ್ತಾರೆ. ಬಾಯಿ ಎಷ್ಟು ತೆರೆಯಿತು ಎಂಬುದನ್ನು ಪಾರ್ಟೋಗ್ರಾಫ್ ಎಂಬ ಗೆರೆಹಾಳೆಯಲ್ಲಿ ಗುರುತಿಸುತ್ತಾರೆ. ಗೆರೆ ಮುಂದೆ ಸಾಗದೆ ನಿಂತರೆ ಬೇರೆ ಹೆರಿಗೆಗಳಲ್ಲಿ ಕಾಯುವಷ್ಟು ಇಲ್ಲಿ ಕಾಯುವುದಿಲ್ಲ. ಕೊನೆಗೆ ಮುಕ್ಕುವ ಹೊತ್ತು ಉದ್ದವಾದರೆ ಕೂಸಿನ ತಲೆಗೆ ಬಟ್ಟಲು ಅಂಟಿಸಿ ಎಳೆಯುವ ವ್ಯಾಕ್ಯೂಮ್ ಹಚ್ಚಬಹುದು. ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಇಂಜೆಕ್ಷನ್ ಸಿಗುವ ಕಡೆ ತೆಗೆದುಕೊಳ್ಳಬಹುದು. ಅದರಿಂದ ಬಿರಿಯುವ ಲಕ್ಷಣ ಮುಚ್ಚಿಹೋಗುತ್ತದೆ ಎಂಬುದು ಹಳೆಯ ಅಂಜಿಕೆ.

ಗಾಯವಿರುವ ಗರ್ಭಕೋಶಕ್ಕೆ ಬೇನೆ ತರಿಸಲು ಮಿಸೊಪ್ರೊಸ್ಟಾಲ್ ಮಾತ್ರೆ ಕೂಡದು, ಖಡಾಖಂಡಿತ. ಹೊಟ್ಟೆಯನ್ನು ಮೇಲಿಂದ ಒತ್ತಿ ಕೂಸನ್ನು ತಳ್ಳುವುದೂ ಕೂಡದು. ಮನೆಯಲ್ಲಿ ‘ಬ್ಯಾನಿ ಬರ್ಲಿ’ ಎಂದು ಔಡಲ ಎಣ್ಣೆ ಕುಡಿಸುವುದು, ಸೂಲಗಿತ್ತಿಯಿಂದ ಹೊಟ್ಟೆ ತಿಕ್ಕಿಸುವುದು, ಔಷಧಿ ಅಂಗಡಿಯ ಇಂಜೆಕ್ಷನ್ ಚುಚ್ಚಿಸುವುದು, ಯಾವುದೂ ಬೇಡ.

ದಿನ ತುಂಬಿದ್ರೂ ಬ್ಯಾನಿ ಬರಲಿಲ್ಲಂದ್ರ?

40 ವಾರ ದಾಟಿತು ಎಂದು ಅದೇ ದಿನ ಕೊಯ್ಯಬೇಕಿಲ್ಲ. ಕೂಸಿನ ಚಲನೆ, ನೀರು, ಎದೆಬಡಿತ ಚೆನ್ನಾಗಿದ್ದರೆ 41ರವರೆಗೆ ನೋಡಬಹುದು. ಆಮೇಲೆ ಎರಡು ದಾರಿ: ಸಿಜೇರಿಯನ್, ಇಲ್ಲವೇ ಫೋಲಿ ನಳಿಗೆಯ ಬಲೂನು ಹಾಕಿ ಬಾಯಿ ಮೆತ್ತಗಾಗಿಸಿ ನೋಡುವುದು. ಬಲೂನಿನಲ್ಲಿ ಔಷಧಿಗಿಂತ ಅಪಾಯ ಕಡಿಮೆ, ಆದರೂ ದೊಡ್ಡ ಆಸ್ಪತ್ರೆಯ ಕೆಲಸ ಅದು.

ಪಂಚಾಂಗ ನೋಡಿ, ಅಮಾವಾಸ್ಯಿ ಬಿಟ್ಟು ತಾರೀಖು ಇಡಬಹುದೇನ್ರಿ?

39 ವಾರ ತುಂಬಿದ ಮೇಲೆ ಒಳ್ಳೆ ದಿನ ನೋಡಿಕೊಳ್ಳಿ, ಡಾಕ್ಟರಿಗೂ ತಕರಾರಿರುವುದಿಲ್ಲ. ಮುಹೂರ್ತಕ್ಕೆಂದು 37–38ಕ್ಕೆ ಎಳೆಯಬೇಡಿ. ಒಂದು ವಾರದ ಅವಸರಕ್ಕೆ ಕೂಸು ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಮಲಗಿದರೆ ಆ ಮುಹೂರ್ತ ಯಾರಿಗೆ? ವಾರದ ಲೆಕ್ಕ ಸರಿ ಇರಬೇಕೆಂದರೆ ಮೊದಲ ಮೂರು ತಿಂಗಳ ಸ್ಕ್ಯಾನ್ ಕಾಗದ ಬೇಕು. ಒಂಬತ್ತನೇ ತಿಂಗಳ ಸ್ಕ್ಯಾನ್ ತೋರಿಸುವ ತಾರೀಖು ಎರಡು ಮೂರು ವಾರ ಆಚೀಚೆ ಆಗಿರುತ್ತದೆ.

ತಾರೀಖು ಇಟ್ಟವರಲ್ಲೂ ಹತ್ತರಲ್ಲಿ ಒಬ್ಬರಿಗೆ ಅದಕ್ಕೆ ಮೊದಲೇ ಬೇನೆ ಬರುತ್ತದೆ. ಆಗ ಏನು ಮಾಡಬೇಕೆಂದು ಮೊದಲೇ ಮಾತಾಡಿಡಿ. ಹೊರಡುವ ಮುನ್ನ ಊಟ ಮಾಡಬೇಡಿ. ಅರಿವಳಿಕೆಗೆ ಹೊಟ್ಟೆ ಆರು ತಾಸು ಖಾಲಿ ಇರಬೇಕು, ಬರೀ ನೀರಾದರೆ ಎರಡು ತಾಸು. ‘ಶಕ್ತಿ ಬರ್ಲಿ’ ಎಂದು ಬಿಸಿ ರೊಟ್ಟಿ ತಿನ್ನಿಸಿ ಕಳಿಸುವುದು ನಮ್ಮ ಕಡೆಯ ಪ್ರೀತಿ, ಅರಿವಳಿಕೆ ಡಾಕ್ಟರಿಗೆ ತಲೆನೋವು.

ಎಚ್‌ಬಿ 8 ಅದ. ನಡೀತದೇನು?

ಎಚ್‌ಬಿ ಅಂದರೆ ರಕ್ತದ ಹಿಮೋಗ್ಲೋಬಿನ್. ಯಾವ ದಾರಿ ಹಿಡಿದರೂ ರಕ್ತ ಹೋಗುತ್ತದೆ. 8 ಇಟ್ಟುಕೊಂಡು ಹೋಗುವುದು ಖಾಲಿ ಗಂಟಿನೊಂದಿಗೆ ಸಂತೆಗೆ ಹೋದಂತೆ. ಆರೋಗ್ಯ ಕೇಂದ್ರದ ಕೆಂಪು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕನಿಷ್ಠ 180 ದಿನ, ಹೆರಿಗೆಯ ಮೇಲೂ 180 ದಿನ. ಎಚ್‌ಬಿ 7ರಿಂದ 10.9ರೊಳಗೆ ಇದ್ದರೆ ದಿನಕ್ಕೆರಡು. ಲಿಂಬೆ ನೀರಿನ ಜೊತೆ ತೆಗೆದುಕೊಳ್ಳಿ. ಚಹಾದ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಎಂಟನೇ ತಿಂಗಳಾದರೂ ಏರದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಬಗ್ಗೆ ಕೇಳಿ.

ಮಕ್ಕಳಾಗದ ಆಪರೇಷನ್ ಜೋಡೀಲೇ ಆಗ್ತದಂತ ಸಿಜರ್ ಮಾಡಿಸಬೇಕಂತಾರ ಅತ್ತಿ.

ಅದೊಂದೇ ಕಾರಣಕ್ಕೆ ಬೇಡ. ಸಹಜ ಹೆರಿಗೆಯಾದ ಏಳು ದಿನದೊಳಗೆ ಹೊಕ್ಕುಳ ಕೆಳಗೆ ಸಣ್ಣ ಕೊಯ್ತದಿಂದ ಅದೇ ಆಪರೇಷನ್ ಮಾಡುತ್ತಾರೆ. ಕಾಪರ್-ಟಿ ಬೇಕೆಂದರೆ 48 ತಾಸಿನೊಳಗೆ ಹಾಕಬಹುದು. ಗಂಡಸರ ನಸಬಂದಿಗೆ ಹೊಲಿಗೆಯೂ ಇಲ್ಲ, ಹತ್ತು-ಹದಿನೈದು ನಿಮಿಷದ ಕೆಲಸ. ಆ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಬೇರೆ ಕಾರಣಕ್ಕೆ ಹೇಗೂ ಸಿಜೇರಿಯನ್ ಆಗುವುದಿದ್ದರೆ, ಜೊತೆಗೇ ಮಾಡಿಸುವುದು ಸರಿ.

ಎರಡು ಸಿಜರ್ ಆಗಿದ್ರ?

ಬಿರಿಯುವ ಅಪಾಯ ನೂರಕ್ಕೆ 0.9ರಿಂದ 1.8. ಅನುಭವಿ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿ ಕೆಲವರಿಗೆ ಒಪ್ಪುತ್ತಾರೆ. ಜಿಲ್ಲೆಯಲ್ಲಿ ಹುಡುಕಿ ಅಲೆಯುವುದಕ್ಕಿಂತ ನಿಗದಿ ಸಿಜೇರಿಯನ್ನೇ ಮೇಲೆಂದು ನಮ್ಮ ಅಭಿಪ್ರಾಯ.

ಸಹಿ ಯಾರು ಮಾಡಬೇಕು? ಖರ್ಚು ಎಷ್ಟು?

ವಯಸ್ಸಿಗೆ ಬಂದ ತಾಯಿಯ ಸಹಿಯೇ ಸಾಕು. ಗಂಡನೋ ಅತ್ತೆಯೋ ಸಾಕ್ಷಿ ಹಾಕಬಹುದು. ಯಾವ ದಾರಿ ಎಂದು 36ನೇ ವಾರದೊಳಗೆ ತೀರ್ಮಾನಿಸಿ ತಾಯಿ ಕಾರ್ಡಿನಲ್ಲೇ ಬರೆಸಿಡಿ. ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರು ನಿಮ್ಮನ್ನು ಮೊದಲ ಸಲ ನೋಡುತ್ತಿರುತ್ತಾರೆ.

ಸರಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಎರಡೂ ಬಿಟ್ಟಿ: ಔಷಧಿ, ಪರೀಕ್ಷೆ, ರಕ್ತ, ಬರುವ ಗಾಡಿ, ಮರಳಿ ಮನೆಗೆ ಬಿಡುವ ನಗು-ಮಗು ವಾಹನ, ಸಹಜ ಹೆರಿಗೆಗೆ ಮೂರು ದಿನ ಮತ್ತು ಸಿಜೇರಿಯನ್ನಿಗೆ ಏಳು ದಿನದ ಊಟ. ಎರಡನೆಯದು ಹೆಣ್ಣಾದರೆ ಮಾತೃವಂದನಾ ಯೋಜನೆಯ 6000 ರೂಪಾಯಿಗೆ ಅಂಗನವಾಡಿಯಲ್ಲಿ ಅರ್ಜಿ ಕೊಡಿ.

ಬಾಣಂತನದಾಗ ಫರಕ್ ಏನು?

ಸಹಜವಾದರೆ ಎರಡು ದಿನಕ್ಕೆ ಮನೆ, ಮೊದಲ ಕೂಸನ್ನು ಎತ್ತಿಕೊಳ್ಳಲೂ ಅಡ್ಡಿಯಿಲ್ಲ. ಸಿಜೇರಿಯನ್ನಾದರೆ ಆರು ವಾರ ಭಾರ ಎತ್ತುವಂತಿಲ್ಲ. ಎರಡು ವರ್ಷದ ಹಿರಿಯ ಕೂಸು ‘ಎತ್ಕೋ’ ಎಂದು ಅತ್ತಾಗ ತಿಳಿಯುತ್ತದೆ ಆರು ವಾರ ಎಷ್ಟು ಉದ್ದ ಎಂದು. ಬಾಣಂತಿಗೆ ನೀರು ಕೊಡಬಾರದು ಎಂಬ ಮಾತನ್ನು ಬಿಟ್ಟುಬಿಡಿ, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಂತೂ ಅದು ಮೂತ್ರದ ಸೋಂಕಿಗೆ, ಮಲಬದ್ಧತೆಗೆ ನೇರ ದಾರಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಗಾಯ ಕೆಂಪಾದರೆ, ನೀರು ಒಸರಿದರೆ, ಜ್ವರ ಬಂದರೆ, ಮೀನಖಂಡ ಒಂದೇ ಕಡೆ ಬಾತರೆ ಹೊಲಿಗೆ ತೆಗೆಸುವ ದಿನದವರೆಗೆ ಕಾಯಬೇಡಿ.

ಬ್ಯಾನಿ ತಡಕೊಳ್ಳಾಕ ಆಗಲಿಲ್ಲಂದ್ರ ನಡುವ ಸಿಜರ್ ಕೇಳಬಹುದೇನ್ರಿ?

ಕೇಳಬಹುದು. ಒಪ್ಪಿದ ಮಾತನ್ನು ಯಾವ ಹೊತ್ತಿನಲ್ಲೂ ಬದಲಿಸುವ ಹಕ್ಕು ನಿಮ್ಮದು. ಆದರೆ ಕೇಳುವ ಮುನ್ನ ಬಾಯಿ ಎಷ್ಟು ತೆರೆದಿದೆ ಎಂದು ಒಮ್ಮೆ ನೋಡಿಸಿಕೊಳ್ಳಿ. ‘ಸಾಕಪ್ಪಾ, ಕೊಯ್ದುಬಿಡ್ರಿ’ ಎಂಬ ಕೂಗು ಬಹಳ ಸಲ 8–9 ಸೆಂಟಿಮೀಟರಿನಲ್ಲೇ ಏಳುತ್ತದೆ. ಥಿಯೇಟರ್ ಸಜ್ಜಾಗುವಷ್ಟರಲ್ಲಿ ಕೂಸು ಹೊರಗೆ ಬಂದಿರುತ್ತದೆ.